ಮೆನುವಿನಲ್ಲಿ ಉಳಿದುಕೊಂಡವನು

ನಮ್ಮ ಮೇಡಂ ಬಲಗೈ ನಡುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ಕೀಬೋರ್ಡಿಗೆ ಮೊಟಕುತ್ತಿದ್ದರು. ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿದ ಬೆರಳುಗಳು ಅವು. ಬೇರೆ ಕೀಗಳನ್ನು ಮುಟ್ಟುವಾಗ ಮಲ್ಲಿಗೆ ಕಟ್ಟುವವರ ಬೆರಳಿನಷ್ಟು ಹಗುರ. ಆದರೆ ಬೆಳಗ್ಗೆ ಆಫೀಸಿನ ಕಂಪ್ಯೂಟರು ಹಾಕಿದಾಗ ಕೆಳಬಾಣದ ಆ ಒಂದು ಕೀಗೆ ಮಾತ್ರ, ತಂಟೆ ಹುಡುಗನ ತಲೆಗೆ ಕೊಡುವ ಹಾಗೆ, ಟಕ್ ಎಂದು ಒಂದು ಮೊಟಕು. ಆಮೇಲೆ ಎಂಟರ್. ನರಸೀಪುರದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಮತ್ತೆ ಟಕ್. ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಆ ಕೀ ಮೇಲಿನ ಬಾಣದ ಗುರುತು ಸವೆದು, ಅಲ್ಲಿ ಬೋಳು ಪ್ಲಾಸ್ಟಿಕ್ ಮಾತ್ರ ಉಳಿದಿತ್ತು.

ಅಷ್ಟು ಸಿಟ್ಟು ಯಾರ ಮೇಲೆ ಎಂದು ಅವರ ಟೈಪಿಂಗ್-ಕಂಪ್ಯೂಟರ್ ಸೆಂಟರಿಗೆ ಹೊಸದಾಗಿ ಸೇರಿದ ಮಕ್ಕಳು ಕೇಳುತ್ತಿದ್ದರು. ನನಗೆ ಗೊತ್ತಿತ್ತು. ಆ ಕಂಪ್ಯೂಟರಿನಲ್ಲಿ ಒಂದು ಕಾಲಕ್ಕೆ ಎರಡು ಹಾರ್ಡ್ ಡಿಸ್ಕ್ ಇದ್ದವು, ಎರಡು ವಿಂಡೋಸ್ ಇದ್ದವು. ಒಂದು ಮೇಡಂ ಅವರದು. ಅದರಲ್ಲಿ ಸೆಂಟರಿನ ಪಾಠ, ಪರೀಕ್ಷೆ, ಮಕ್ಕಳ ಕೆಲಸ. ಇನ್ನೊಂದು ಅವರ ಗಂಡನದು. ಅವನು ಅದೇ ಕಟ್ಟಡದ ಮುಂದಿನ ಮಳಿಗೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆ ಆಲ್ಬಮ್ ಮಾಡುತ್ತಿದ್ದ. ಕಂಪ್ಯೂಟರು ಶುರುವಾಗುವಾಗ ಯಾವುದಕ್ಕೆ ಹೋಗಲಿ ಎಂದು ಕಪ್ಪು ತೆರೆಯ ಮೇಲೆ ಒಂದು ಮೆನು ಬರುತ್ತದಲ್ಲ, ಅದರಲ್ಲಿ ತನ್ನ ಸ್ಟುಡಿಯೋ ಹೆಸರನ್ನು ಮೊದಲನೆಯದಾಗಿ ಹಾಕಿಕೊಂಡಿದ್ದ. ಸುಮ್ಮನೆ ಬಿಟ್ಟರೆ ಯಂತ್ರ ಮೂವತ್ತು ಸೆಕೆಂಡು ಕಾದು, ತಾನಾಗಿಯೇ ಅವನದಕ್ಕೇ ಹೋಗುತ್ತಿತ್ತು. ಕಂಪ್ಯೂಟರು ಕೊಂಡಿದ್ದು ಮೇಡಂ ಟ್ಯೂಷನ್ ಹೇಳಿದ ದುಡ್ಡಿನಲ್ಲಿ, ಮೊದಲ ಹೆಸರು ಮಾತ್ರ ಯಜಮಾನನದು.

ಅವನು ಕೊಳ್ಳೇಗಾಲದ ಕಡೆ ಇನ್ನೊಂದು ಸಂಸಾರ ಹೂಡಲು ಹೋದಾಗ ಕ್ಯಾಮೆರಾ, ಲೈಟುಗಳ ಜೊತೆಗೆ ಕಂಪ್ಯೂಟರಿನ ಬಾಗಿಲು ಬಿಚ್ಚಿ ತನ್ನ ಡಿಸ್ಕನ್ನೂ ಕಿತ್ತುಕೊಂಡು ಹೋದ. ಶಾಲೆಗೆ ಹೋಗುತ್ತಿದ್ದ ಮಗಳನ್ನು ಮಾತ್ರ ಬಿಟ್ಟುಹೋದ. ಡಿಸ್ಕ್ ಹೋಯಿತು, ಹೆಸರು ಹೋಗಲಿಲ್ಲ. ಮೆನುವಿನಲ್ಲಿ ಅದು ಹಾಗೇ ಮೊದಲ ಸಾಲಿನಲ್ಲಿ ಕೂತಿತ್ತು. ಮೇಡಂ ಮೊಟಕದೆ ಇದ್ದರೆ ಯಂತ್ರ ಇಲ್ಲದವನನ್ನು ಹುಡುಕಿಕೊಂಡು ಹೋಗಿ, ಸಿಗದೆ, ನೀಲಿ ತೆರೆಯ ಮೇಲೆ ಏನೋ ಗೋಳಾಡಿ ನಿಂತುಬಿಡುತ್ತಿತ್ತು. (ಅವನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಓದುವವರಿಗೆ ಬೇಕಿದ್ದರೆ ಸೇರಿಸಿಕೊಂಡು ಓದಲಿ.)

ನಾನು ತಗಡೂರಿನ ಕಡೆಯವಳು. ನರಸೀಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುವಾಗ ಮೇಡಂ ಹತ್ತಿರ ಟೈಪಿಂಗಿಗೆ ಸೇರಿದೆ. ಆಮೇಲೆ ಕಂಪ್ಯೂಟರು, ಆಮೇಲೆ ಅಲ್ಲೇ ಪಾಠ ಹೇಳಿಕೊಡುವ ಕೆಲಸ. ನಮ್ಮ ಮನೆಯ ಗೋಡೆ ಮೇಲೆ ಬುದ್ಧನ ಪಟ, ಅವರ ಹಣೆಯ ಮೇಲೆ ವಿಭೂತಿ. ಮೊದಲ ದಿನವೇ ತಮ್ಮ ಊಟದ ಡಬ್ಬಿ ನನ್ನ ಕಡೆ ತಳ್ಳಿ, “ತಿನ್ನೇ, ಅವರೆಕಾಳು ಹುಳಿ. ಖಾರ ಜಾಸ್ತಿಯಾಗಿದೆ, ನನ್ನ ಹಾಗೇ” ಅಂದಿದ್ದರು. ಅದಾದ ಮೇಲೆ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಂಡೆವು.

ಖಾರ ನಿಜವಾಗಿಯೂ ಜಾಸ್ತಿಯೇ. ಪಾಠದ ಮಧ್ಯೆ ಮೊಬೈಲು ನೋಡಿದವನಿಗೆ “ನಿನ್ನ ಹೆಬ್ಬೆರಳಿಗೆ ಇಷ್ಟು ಕೆಲಸ ಕೊಡ್ತೀಯಲ್ಲ, ಮಿಕ್ಕ ಬೆರಳುಗಳು ಏನು ಪಾಪ ಮಾಡಿದ್ವೋ?” ಅನ್ನುತ್ತಿದ್ದರು. ಕೀಬೋರ್ಡು ನೋಡಿಕೊಂಡು ಟೈಪು ಮಾಡುವವರ ಕೈಮೇಲೆ ಕರವಸ್ತ್ರ ಹೊದಿಸಿಬಿಡುತ್ತಿದ್ದರು. ಫೈಲು ಅಳಿಸಿ ಶಾರ್ಟ್‌ಕಟ್ ಹಾಗೇ ಬಿಟ್ಟರೆ ಮಾತ್ರ ಮೈಮೇಲೇ ಬರುತ್ತಿತ್ತು. “ಇಲ್ಲದ್ದನ್ನ ಇದೆ ಅಂತ ತೋರಿಸ್ಬೇಡಿ. ಅದಕ್ಕಿಂತ ದೊಡ್ಡ ಸುಳ್ಳಿಲ್ಲ” ಎಂದು ಕ್ಲಾಸಿನಲ್ಲಿ ಕೂಗುತ್ತಿದ್ದರು.

ಹಾಗೆ ಕೂಗುವವರ ಕಂಪ್ಯೂಟರಿನಲ್ಲೇ ದಿನಾ ಆ ದೊಡ್ಡ ಸುಳ್ಳು. ನಾನು ಒಮ್ಮೆ ತಡೆಯಲಾರದೆ, “ಅದನ್ನ ತೆಗೆದುಬಿಡಿ ಮೇಡಂ” ಅಂದೆ. ಅವರು ಕೊರಳಿನ ತಾಳಿಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದರು. “ಇದೂ ಅದೂ ಒಟ್ಟಿಗೇ ಕಣೇ. ಮಗಳ ಮದುವೆವರೆಗೂ ಇರ್ಲಿ ಅಂತ ನಮ್ಮವ್ವ ಸಾಯೋವಾಗ ಕೈ ಹಿಡ್ಕೊಂಡು ಕೇಳಿದ್ಲು. ಆಮೇಲೆ ನನ್ನ ಯಾರೂ ಹಿಡಿಯೋ ಹಾಗಿಲ್ಲ.”

ನನಗೆ ಮೈ ಉರಿಯುತ್ತಿದ್ದದ್ದು ಅವನೊಬ್ಬನ ಮೇಲಲ್ಲ. ಅವನು ಹೋದವನು, ಹೋದ. ಇಲ್ಲಿದ್ದ ನೆಂಟರಿಷ್ಟರು ಅವನನ್ನು ಹೋಗಲು ಬಿಡಲಿಲ್ಲವಲ್ಲ, ಅದಕ್ಕೆ. ಯಾರ ಮನೆಯ ಲಗ್ನಪತ್ರಿಕೆ ಬಂದರೂ ಮೇಲೆ ಬರೆದಿರುತ್ತಿದ್ದದ್ದು ಅವನ ಹೆಸರು, ಪಕ್ಕದಲ್ಲಿ ‘ಮತ್ತು ಕುಟುಂಬದವರು’. ಪತ್ರಿಕೆ ತಂದವರಿಗೆ ಕಾಫಿ ಕೊಡುವವರು, ಮದುವೆಗೆ ಹೋಗಿ ಮುಯ್ಯಿ ಮಾಡುವವರು ಮೇಡಂ. ನಂಜನಗೂಡಿನಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದ ಅವರ ಅಣ್ಣನಂತೂ ಬಂದಾಗಲೆಲ್ಲ ಒಂದೇ ರಾಗ: “ಗಂಡಸು ಕಣವ್ವ, ಎಲ್ಲೋದರೂ ಬಂದೇ ಬತ್ತಾನೆ.” ಮೇಡಂ ಒಂದು ಸಲ ನನ್ನೆದುರಿಗೇ ಹೇಳಿದ್ದರು: “ಬರ್ಲಿ ಅಣ್ಣ. ಊಟಕ್ಕಿಲ್ಲದ ಉಪ್ಪಿನಕಾಯಿ, ಕೈ ತೊಳೆಯೋ ಹೊತ್ತಿಗೆ ಬಂದ್ರೆ ಏನ್ ಮಾಡ್ಲಿ?”

ಮಗಳ ಮದುವೆ ಗೊತ್ತಾಯಿತು. ಮೇಡಂ ಆಸೆಪಟ್ಟಿದ್ದು ಒಂದೇ: ಧಾರೆಯನ್ನು ತಾವೇ ಎರೆದುಕೊಡಬೇಕು, ಒಬ್ಬರೇ. ಒಬ್ಬರೇ ಸಾಕಿದ್ದಾರೆ, ಒಬ್ಬರೇ ಕೊಡುತ್ತಾರೆ, ಇದರಲ್ಲಿ ಏನು ತಪ್ಪು? ಮಗಳೂ “ಅಮ್ಮನೇ ಎರೆಯಲಿ” ಅಂದಳು. ಹುಡುಗನೂ ಹೂಂ ಅಂದಿದ್ದ. ಹೂಂ ಅನ್ನದಿದ್ದವರು ಅಣ್ಣ. “ಅಪ್ಪ ಬದುಕಿರೋವಾಗ ತಾಯೊಬ್ಳೇ ಧಾರೆ ಎರೆಯೋದಾ? ಗಂಡಿನ ಕಡೆ ದೊಡ್ಡೋರು ಎದ್ದೋದ್ರೆ ಯಾರು ಜವಾಬ್ದಾರಿ?” ಅಂತ ಕೂಗಾಡಿ ಹೋದರು. ಆಮೇಲೆ ಸುಮ್ಮನಾದರು. ನಾವು ಒಪ್ಪಿದರು ಎಂದುಕೊಂಡೆವು.

ನಂಜನಗೂಡಿನ ಛತ್ರದಲ್ಲಿ ಮುಹೂರ್ತದ ಹೊತ್ತಿಗೆ ಸರಿಯಾಗಿ ಒಂದು ಕಾರು ಬಂತು. ಅದರಿಂದ ಅವನಿಳಿದ. ಮೈಮೇಲೆ ಹೊಸ ರೇಷ್ಮೆ ಪಂಚೆ, ಶಲ್ಯ. ಅದನ್ನು ಕೊಡಿಸಿದವರು ಅಣ್ಣನೇ ಎಂದು ಆಮೇಲೆ ತಿಳಿಯಿತು. ಮೇಡಂ ಆಗಲೇ ಮಂಟಪದಲ್ಲಿ ಕೂತಾಗಿತ್ತು. ಎದ್ದು ಬರುವ ಹಾಗಿಲ್ಲ, ಮಗಳ ಮುಖ ಎದುರಿಗೇ ಇತ್ತು. ಅವನು ಬಂದು ಪಕ್ಕದ ಮಣೆಯ ಮೇಲೆ ಕೂತ, ನಿನ್ನೆ ಮನೆಯಿಂದ ಅಂಗಡಿಗೆ ಹೋಗಿದ್ದವನ ಹಾಗೆ. ಧಾರೆಗೆ ಮೇಡಂ ಗಿಂಡಿಯಿಂದ ನೀರು ಬಿಟ್ಟರು, ಅವನ ಕೈ ಮುಂದಿತ್ತು. ಹೆಂಗಸರೆಲ್ಲ ಕಣ್ಣೊರೆಸಿಕೊಂಡು “ಎಷ್ಟಾದ್ರೂ ಅಪ್ಪ ಅಪ್ಪನೇ” ಅಂದರು. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಅಕ್ಷತೆ ಇತ್ತು. ಅದನ್ನು ಯಾರ ಮೇಲೆ ಎಸೆಯಬೇಕು ಎಂದು ತಿಳಿಯದೆ ನೆಲಕ್ಕೆ ಬಿಟ್ಟೆ.

ಊಟವಾದ ಮೇಲೆ ಅವನು ತಾಂಬೂಲದ ಚೀಲ ಹಿಡಿದು ಹೊರಟ. ಮೇಡಂ ಬಾಗಿಲ ಬಳಿ ಬಂದವರನ್ನು ಕಳಿಸುತ್ತ ನಿಂತಿದ್ದರು, ನಾನು ಪಕ್ಕದಲ್ಲಿ ತೆಂಗಿನಕಾಯಿ ಎತ್ತಿಕೊಡುತ್ತಿದ್ದೆ. ಅವನು ಎಲೆಅಡಿಕೆ ಹಲ್ಲು ಬಿಟ್ಟು ಕೇಳಿದ:

“ಆ ಕಂಪ್ಯೂಟರ್ ಇನ್ನೂ ನಡೀತಾ ಐತಾ? ಮೆನೂಲಿ ನಂದು ಹಂಗೇ ಐತಾ?”

ಮೇಡಂ ನನ್ನ ಕೈಯಿಂದ ಇನ್ನೊಂದು ತೆಂಗಿನಕಾಯಿ ತೆಗೆದುಕೊಂಡರು.

“ಇರ್ಲಿ ಬುಡು, ತೆಗೀಬ್ಯಾಡ. ಎಂದಾದ್ರೂ ಬಂದ್ರೆ ಡಿಸ್ಕ್ ಸಿಗಿಸಿದ್ರೆ ಆಯ್ತು.”

ತಮಾಷೆಗೆ ಅಂದನೋ, ನಿಜವಾಗಿಯೋ, ನನಗೆ ಬೇಕಿಲ್ಲ. ಇಷ್ಟು ವರ್ಷ ಒಬ್ಬ ಹೆಂಗಸಿನ ಬಾಳಿನಲ್ಲಿ ತನ್ನ ಜಾಗ ಕಾದಿರಿಸಿದೆ ಎಂದು ನೆಮ್ಮದಿಯಾಗಿ ನಂಬಿಕೊಂಡು, ಅವಳ ಅನ್ನ ಉಂಡು, ಬಾಗಿಲಲ್ಲಿ ನಿಂತು ಹಾಗೆ ಹೇಳಲು ಎಂಥ ನಾಲಿಗೆ ಬೇಕು! ಮೇಡಂ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಬುಟ್ಟಿಗೆ ಹಾಕಿ ಒಳಗೆ ಹೋದರು.

ಸೋಮವಾರ ಸೆಂಟರು ತೆರೆದಾಗ ಅವರ ಕೊರಳು ಬರಿದಾಗಿತ್ತು. ತಾಳಿ ಇದ್ದ ಜಾಗದಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ ಕಾಣುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. “ಇವತ್ತು ಟ್ಯಾಲಿ ಪಾಠ ಇಲ್ಲ. ಎಲ್ಲಾರೂ ಇಲ್ಲಿ ಬನ್ರೋ” ಎಂದು ಮಕ್ಕಳನ್ನು ಆಫೀಸು ಕಂಪ್ಯೂಟರಿನ ಸುತ್ತ ನಿಲ್ಲಿಸಿಕೊಂಡರು. ಕಂಪ್ಯೂಟರು ಹಾಕಿ, ಮೆನು ಬಂದಾಗ ಎಲ್ಲರಿಗೂ ತೋರಿಸಿದರು. “ಇದರಲ್ಲಿ ಎರಡಿದೆ. ಒಂದು ಇದೆ, ಒಂದಿಲ್ಲ. ಇಲ್ಲದೇ ಇರೋದೇ ಮೇಲೆ ಕೂತಿದೆ. ಇವತ್ತು ಅದನ್ನ ತೆಗೆಯೋದು ಹೆಂಗೆ ಅಂತ ಪಾಠ.” ಟಕ್ ಎಂದು ಮೊಟಕಿ ತಮ್ಮದರೊಳಗೆ ಹೋದರು.

ಅವತ್ತು ಪ್ರಿಂಟರು ನೋಡಲು ಮೆಕ್ಯಾನಿಕ್ ಒಬ್ಬ ಬಂದಿದ್ದ. “ಮೇಡಂ, ಅದ್ಯಾಕೆ ತಲೆನೋವು? ಫಾರ್ಮ್ಯಾಟ್ ಒಡ್ದುಬುಡ್ತೀನಿ, ಎಲ್ಲಾ ಕ್ಲೀನಾಯ್ತದೆ” ಅಂದ.

ಮೇಡಂ ಅವನ ಕಡೆ ತಿರುಗಿದ ರೀತಿಗೆ ಅವನು ಸ್ಕ್ರೂಡ್ರೈವರು ಕೆಳಗಿಟ್ಟ. “ಎಲ್ಲಾನೂ ಯಾಕಪ್ಪ ಕ್ಲೀನಾಗ್ಬೇಕು? ಇದರೊಳಗೆ ನನ್ನ ಇಷ್ಟು ವರ್ಷದ ಕೆಲಸ ಇದೆ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಡ್ತಾರಾ? ಹೋಗ್ಬೇಕಾಗಿರೋದು ಒಂದು ಹೆಸರು, ಅಷ್ಟೇ.”

ಆಮೇಲೆ ಮಕ್ಕಳಿಗೆ ಒಂದೊಂದಾಗಿ ಹೇಳಿದರು. msconfig ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ತೆರೆದ ಪುಟ್ಟ ಕಿಟಕಿಯಲ್ಲಿ ಬೂಟ್ ಎನ್ನುವ ಕಡೆ ಹೋದರೆ ಎರಡೂ ಹೆಸರು ಕಾಣುತ್ತವೆ. “ಅವಸರ ಬೇಡ. ಮೊದಲು ನೀವೆಲ್ಲಿ ನಿಂತಿದೀರ ನೋಡ್ಕೊಳಿ. ‘ಕರೆಂಟ್’ ಅಂತ ಬರೆದಿದೆಯಲ್ಲ, ನಾವೀಗ ಇರೋದು ಅದರಲ್ಲಿ. ಅದನ್ನ ಮುಟ್ಟಬೇಡಿ, ಕೂತ ಕೊಂಬೆ ಕಡೀಬಾರದು. ಮೊದಲು ಅದನ್ನ ಡೀಫಾಲ್ಟ್ ಮಾಡಿ. ಇನ್ಮೇಲೆ ಯಂತ್ರ ತಾನಾಗೇ ಹೋದ್ರೂ ನಮ್ಮನೇಗೇ ಬರ್ಬೇಕು. ಈಗ ಆ ಇನ್ನೊಂದನ್ನ ಆರಿಸಿ, ಡಿಲೀಟ್.”

ಸ್ಟುಡಿಯೋದ ಹೆಸರು ಪಟ್ಟಿಯಿಂದ ಮಾಯವಾಯಿತು. ಓಕೆ ಕೊಟ್ಟರು. ಕಂಪ್ಯೂಟರು ಆರಿ ಮತ್ತೆ ಹತ್ತಿತು. ತೆರೆ ಕಪ್ಪಾದಾಗ ಮೇಡಂ ಅಭ್ಯಾಸಬಲದಿಂದ ಗೆಣ್ಣು ಎತ್ತಿದ್ದರು. ಮೆನು ಬರಲೇ ಇಲ್ಲ. ಯಂತ್ರ ಯಾರನ್ನೂ ಕೇಳದೆ, ಯಾರಿಗೂ ಕಾಯದೆ, ನೇರವಾಗಿ ಮೇಡಂ ಇಟ್ಟಿದ್ದ ಕಪಿಲಾ ಕಾವೇರಿ ಸಂಗಮದ ಚಿತ್ರಕ್ಕೆ ಬಂದು ನಿಂತಿತು. ಅವರು ಎತ್ತಿದ ಬೆರಳನ್ನು ನೋಡಿಕೊಂಡು ಗಟ್ಟಿಯಾಗಿ ನಕ್ಕರು. “ಇಷ್ಟೇ ಕಣೇ!” ಅಂದರು ನನಗೆ. ಮರುಕ್ಷಣವೇ ಮುಖ ಕೆಂಪಾಯಿತು. “ಇಷ್ಟಕ್ಕೆ ನಾನು ಇಷ್ಟು ವರ್ಷ ಕಾದ್ನಲ್ಲ! ಏನ್ರೋ ನೋಡ್ತೀರ, ಹೋಗಿ ಕೂತ್ಕೊಳ್ರೋ!” ಎಂದು ಮಕ್ಕಳ ಮೇಲೆ ರೇಗಿದರು.

ಸುದ್ದಿ ನಂಜನಗೂಡಿಗೆ ತಲುಪಿ ಅಣ್ಣ ಓಡಿಬಂದರು. “ಗಂಡ ಬದುಕಿರೋವಾಗಲೇ ಕೊರಳು ಬರಿದು ಮಾಡ್ಕಂಡ್ಯಲ್ಲವ್ವ, ನಮ್ಮ ಮನೆ ಮಾನ ಏನಾಗ್ಬೇಕು?” ಎಂದು ಬಾಗಿಲಲ್ಲೇ ಶುರು ಮಾಡಿದರು. ಮೇಡಂ ಉತ್ತರಪತ್ರಿಕೆ ತಿದ್ದುತ್ತಿದ್ದವರು ತಲೆ ಎತ್ತದೆ, “ಅಣ್ಣ, ಡಿಸ್ಕ್ ಬಿಚ್ಕೊಂಡು ಹೋಗಿದ್ದು ಅವನು. ನಾನು ಬರೀ ಹೆಸರು ತೆಗೆದೆ” ಅಂದರು. ಅಣ್ಣನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ, ಬಹಳ ಕಾಲ ತಂಗಿಯ ಮನೆಯ ಕಡೆ ತಲೆ ಹಾಕಲಿಲ್ಲ.

ನಾನು ನಂಜನಗೂಡಿನಲ್ಲಿ ಕಾರ್ಡು, ಪತ್ರಿಕೆ ಅಚ್ಚಿಗೆ ಕೂಡಿಸಿಕೊಡುವ ಡಿಟಿಪಿ ಅಂಗಡಿ ಹಾಕಿದ್ದು ಮೇಡಂ ಹಟಕ್ಕೆ. “ಎಷ್ಟು ದಿನ ನನ್ನ ಡಬ್ಬೀಲಿ ಉಣ್ತೀಯ? ನಿಂದೂ ಒಂದು ಬೋರ್ಡು ಇರ್ಲಿ” ಅಂದರು. ಬೋರ್ಡಿನಲ್ಲಿ ನನ್ನ ಹೆಸರೇ ಇರಬೇಕು, ನಮ್ಮಪ್ಪನದಲ್ಲ, ಮುಂದೆ ಕಟ್ಟಿಕೊಳ್ಳುವವನದೂ ಅಲ್ಲ ಎಂದು ಪೇಂಟರನ ಪಕ್ಕದಲ್ಲಿ ನಿಂತು ಬರೆಸಿದರು. ಆ ಬೋರ್ಡಿನಿಂದಲೇ ಇವತ್ತು ನಾನು ಅನ್ನ ಉಣ್ಣುತ್ತಿದ್ದೇನೆ.

ಮೇಡಂ ಹೋಗಿದ್ದು ಹೋದ ವರ್ಷ, ಪಾಠ ಮಾಡುತ್ತ ಮಾಡುತ್ತಲೇ. ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಾನು ಸಿಕ್ಕಿದ ಬಸ್ಸು ಹತ್ತಿ ನರಸೀಪುರಕ್ಕೆ ಓಡಿದೆ. ಜಗುಲಿಯ ಮೇಲೆ, ಅವರ ಕಡೆಯ ಪದ್ಧತಿಯಂತೆ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ವಿಭೂತಿಯ ಕೆಳಗೆ ಕಾಸಿನಗಲ ಕುಂಕುಮ. ಕೈತುಂಬ ಹಸಿರು ಬಳೆ. ಆಮೇಲೆ ಕೊರಳು ನೋಡಿದೆ. ಅರಿಸಿನದ ದಾರಕ್ಕೆ ಅರಿಸಿನದ ಕೊಂಬು ಕಟ್ಟಿ ಹಾಕಿದ್ದರು.

ಸತ್ತವರ ಕೊರಳಿಗೆ ತಾಳಿ! ಬದುಕಿದ್ದಾಗ ತಮ್ಮ ಕೈಯಾರೆ ತೆಗೆದಿಟ್ಟದ್ದನ್ನು, ಬೇಡ ಎನ್ನಲು ನಾಲಿಗೆ ಇಲ್ಲದ ಹೊತ್ತು ನೋಡಿ ಕಟ್ಟಿದ್ದರು. ಪಕ್ಕದಲ್ಲೇ ಅವನು ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದ, ಬಂದವರೆಲ್ಲ ಅವನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ಒಬ್ಬಾಕೆ ನನ್ನ ಕಿವಿಯಲ್ಲಿ, “ಮುತ್ತೈದೆ ಸಾವು ಕಣವ್ವ. ಪುಣ್ಯವಂತೆ” ಅಂದಳು. ಆ ದಾರ ಕಿತ್ತೆಸೆಯಬೇಕು ಎಂದು ಮುಂದೆ ಹೋದೆ. ಮಗಳು ತಾಯಿಯ ಕಾಲ ಬಳಿ ಕೂತವಳು ನನ್ನ ಸೆರಗು ಹಿಡಿದಳು. “ಬೇಡ ಅಕ್ಕ. ನಿಮ್ಮನ್ನ ಹೊಡೆದುಬಿಡ್ತಾರೆ” ಅಂದಳು. ಅವಳು ಹೇಳಿದ್ದು ನಿಜ. ಬುದ್ಧನ ಪಟದ ಮನೆಯವಳಾದ ನಾನು ಆ ಜಗುಲಿಯ ಮೇಲೆ ಹೆಣದ ತಾಳಿ ಕಿತ್ತಿದ್ದರೆ ಏನಾಗುತ್ತಿತ್ತೋ ನನಗೂ ಗೊತ್ತು. ದಾರ ಕೊರಳಲ್ಲಿದ್ದ ಹಾಗೇ ಮೇಡಂ ಮಣ್ಣಿಗೆ ಹೋದರು. ಅದನ್ನು ನೆನೆದಾಗಲೆಲ್ಲ ಈಗಲೂ ನನಗೆ ಊಟ ಸೇರುವುದಿಲ್ಲ.

ಆಮೇಲೆ ಮೇಡಂ ತಿಥಿಗೆ, ಶಿವಗಣಾರಾಧನೆಯ ಕಾರ್ಡು ಮಾಡಿಸಲು ಅಣ್ಣ ನನ್ನ ಅಂಗಡಿಗೇ ಬಂದರು, ಅವರ ಅಕ್ಕಿ ಅಂಗಡಿಗೆ ಹತ್ತಿರ ಎಂದು. ಜೊತೆಯಲ್ಲಿ ಮಗಳಿದ್ದಳು. ಇಂಥ ಕಾರ್ಡು ಯಾರೂ ಮೊದಲಿಂದ ಕೂಡಿಸುವುದಿಲ್ಲ. ಯಾವುದೋ ಹಳೆಯ ಕಾರ್ಡಿನ ಫೈಲು ತೆಗೆದು ಹೆಸರು, ತಾರೀಖು, ಸ್ಥಳ ಬದಲಿಸುವುದು ನಮ್ಮ ಕಸುಬಿನ ರೂಢಿ. ನಾನೂ ಹಾಗೇ ಒಂದು ಫೈಲು ತೆರೆದೆ. ‘ಶ್ರೀ ಇಂಥವರ ಧರ್ಮಪತ್ನಿ’ ಎಂದು ಒಂದು ಸಾಲು, ಅದರ ಕೆಳಗೆ ತೀರಿಕೊಂಡಾಕೆಯ ಹೆಸರು.

ಅಣ್ಣ ತೆರೆಯ ಮೇಲೆ ಬೆರಳಿಟ್ಟರು. “ಅಲ್ಲಿ ನಮ್ಮ ಭಾವನ ಹೆಸರು ಹಾಕವ್ವ.”

“ಹಾಕಲ್ಲ” ಅಂದೆ.

“ಯಾಕೆ?”

“ಯಾಕೆ ಅಂತ ನಿಮಗೆ ಗೊತ್ತು. ಮೇಡಂ ಅದನ್ನ ತೆಗೆದಿದ್ರು.”

“ಸತ್ತ ಮ್ಯಾಲೆ ಎಂಥ ಮುನಿಸು? ನಿಮ್ಮ ಕಡೆ ಎಂಗೋ ಕಾಣೆ. ನಮ್ಮ ಕಡೆ ಗಂಡ ಇರೋವಾಗ ಹೆಂಗ್ಸಿನ ಹೆಸರು ಒಂಟಿಯಾಗಿ ಹಾಕಕ್ಕಿಲ್ಲ.”

‘ನಿಮ್ಮ ಕಡೆ’ ಎಂದಿದ್ದು ನನಗೆ ಕೆನ್ನೆಗೆ ಬಿದ್ದಂತಾಯಿತು. ನಮ್ಮ ಕಡೆಯವಳ ಜೊತೆ ನಿಮ್ಮ ತಂಗಿ ಒಂದೇ ಡಬ್ಬಿಯಲ್ಲಿ ಉಂಡಿದ್ದಾರೆ, ನಿಮ್ಮ ಮನೆಯಲ್ಲಿ ಅವರಿಗೆ ಒಂದು ಸಾಲು ಜಾಗವಿಲ್ಲವಾ ಎಂದು ಕೇಳಿದೆ. ಅವರಿಗೂ ರೇಗಿತು. “ಊರಲ್ಲಿ ನಿಂದೊಂದೇ ಅಂಗಡಿ ಅಲ್ಲ” ಎಂದು ಎದ್ದರು. ಹೋಗಿ ಎನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಅವರು ಬೇರೆ ಅಂಗಡಿಗೆ ಹೋದರೆ ಕಾರ್ಡು ಆ ಸಾಲಿನ ಸಮೇತ ಅಚ್ಚಾಗುತ್ತದೆ, ನನ್ನ ಸಿಟ್ಟು ಸಿಟ್ಟಾಗಿಯೇ ಉಳಿಯುತ್ತದೆ. ಆ ಸಾಲು ಇರಬೇಕೋ ಬೇಡವೋ ಹೇಳುವ ಹಕ್ಕು ಅಲ್ಲಿದ್ದವರಲ್ಲಿ ಒಬ್ಬಳಿಗೇ ಇತ್ತು.

ಮೌಸನ್ನು ಆ ಸಾಲಿನ ಮೇಲೆ ಎಳೆದೆ. ಅದು ನೀಲಿಯಾಯಿತು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಮಗಳ ಮುಖ ನೋಡಿದೆ.

ಅವಳು ಎದ್ದು ಬಂದಳು. ಬಲಗೈ ನಡುಬೆರಳನ್ನು ಮಡಚಿದಳು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಚಿಕ್ಕಂದಿನಿಂದ ನೋಡಿದ್ದಳು ಅಷ್ಟೇ. ಗೆಣ್ಣಿನಿಂದ ಡಿಲೀಟ್ ಕೀಗೆ ಟಕ್ ಎಂದು ಮೊಟಕಿದಳು. ಸಾಲು ಹೋಯಿತು, ಕೆಳಗಿನದು ಅದರ ಜಾಗಕ್ಕೆ ಏರಿತು.

“ಮಾವ, ಕೂತ್ಕೊಳಿ” ಅಂದಳು. “ಜಾಗ, ಹೊತ್ತು ಹೇಳಿ. ಅಕ್ಕ ಟೈಪ್ ಮಾಡ್ತಾರೆ.”

ಅಣ್ಣ ಬಾಗಿಲ ಕಡೆ ನೋಡಿದರು, ತಂಗಿಯ ಮಗಳ ಕಡೆ ನೋಡಿದರು, ಕೂತರು. ನಾನು ಮೇಡಂ ಕಲಿಸಿದ ಹಾಗೆ ಹತ್ತು ಬೆರಳನ್ನೂ ಅವುಗಳ ಜಾಗದಲ್ಲಿಟ್ಟುಕೊಂಡೆ. ಮೇಲಿನ ಸಾಲಿನಲ್ಲಿ ಉಳಿದಿದ್ದ ಯಾರದೋ ಹಳೆಯ ಹೆಸರನ್ನು ಅಳಿಸಿ, ಕೀಬೋರ್ಡು ನೋಡದೆ, ಮೇಡಂ ಹೆಸರೊಂದನ್ನೇ ಟೈಪ್ ಮಾಡಿದೆ.